ಓದುಗರ ಪ್ರಶ್ನೆ: ಮತ್ತೆ ಸಿಕ್ಕಿದ ಸಿನಿಮಾ, ಮನೆ ಬಿಟ್ಟ ಹೆಣ್ಣುಮಕ್ಕಳು

ಕಳೆದ ಸಂಚಿಕೆಯಲ್ಲಿ 1937ರ ಒಂದು ಕ್ಯಾಂಟನೀಸ್ (ಹಾಂಗ್‌ಕಾಂಗ್ ಮತ್ತು ದಕ್ಷಿಣ ಚೀನಾದ ಕಡೆಯ ಭಾಷೆ) ಸಿನಿಮಾ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹೆಣ್ಣು ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಅನ್ನುವುದೇ ಅದರ ವಿಷಯ. ದಶಕಗಳ ಕಾಲ ಎಲ್ಲೂ ಕಾಣದೆ ಇದ್ದು ಮತ್ತೆ ಸಿಕ್ಕಿದ ಚಿತ್ರ ಅದು. ನಾಲ್ಕು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂತ ನಾನು ಎಣಿಸಿರಲಿಲ್ಲ. ಹಾಗಾಗಿ ಈ ಸಲ ಬೇರೆ ಯಾವ ಪ್ರಶ್ನೆಯನ್ನೂ ತೆಗೆದುಕೊಂಡಿಲ್ಲ, ಪೂರ್ತಿ ಅಂಕಣ ಇದಕ್ಕೇ.

ಪ್ರಶ್ನೆ: ಆ ಸಿನಿಮಾದ ಹೆಸರೇನು? ಯಾರು ಮಾಡಿದ್ದು? ಎಲ್ಲಿ ಸಿಕ್ಕಿತು?

ಇಂಗ್ಲಿಷ್‌ನಲ್ಲಿ ಅದನ್ನು ‘ದಿ ಲೈಟ್ ಆಫ್ ವುಮೆನ್’ ಅನ್ನುತ್ತಾರೆ. ನಿರ್ದೇಶಕ ಕೋ ಲೇ-ಹೆನ್. ಹಾಂಗ್‌ಕಾಂಗ್‌ನಲ್ಲಿ ಮಾತಿನ ಚಿತ್ರಗಳು ಶುರುವಾಗಿ ಇನ್ನೂ ಐದಾರು ವರ್ಷ ಆಗಿರಲಿಲ್ಲ, ಆ ಕಾಲದ್ದು. ಸಿಕ್ಕಿದ್ದು ಮಾತ್ರ ಹಾಂಗ್‌ಕಾಂಗ್‌ನಲ್ಲಿ ಅಲ್ಲ, ಸಮುದ್ರದ ಆಚೆ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅಲ್ಲಿ ಉಳಿದಿದ್ದ ಹಳೆಯ ಕ್ಯಾಂಟನೀಸ್ ಚಿತ್ರಗಳ ಒಂದು ರಾಶಿಯನ್ನು ಹಳೆಯ ಸಿನಿಮಾಗಳನ್ನು ಕಾಪಾಡುವ ಸಂಸ್ಥೆಯಾದ ಹಾಂಗ್‌ಕಾಂಗ್ ಫಿಲ್ಮ್ ಆರ್ಕೈವ್ ತರಿಸಿಕೊಂಡಿತು. ಅದರೊಳಗೆ ಇದೂ ಇತ್ತು. ಆಮೇಲೆ ಆರ್ಕೈವ್‌ನವರೇ ಜನರಿಗೆ ತೋರಿಸಿದರು.

ಪ್ರಶ್ನೆ: ಹಾಂಗ್‌ಕಾಂಗ್ ಸಿನಿಮಾ ಅಮೆರಿಕದಲ್ಲಿ ಸಿಗುವುದು ಅಂದರೆ ಹೇಗೆ? ಯಾರಾದರೂ ಕದ್ದುಕೊಂಡು ಹೋಗಿದ್ದರಾ?

ಕದ್ದಿದ್ದಲ್ಲ, ದುಡ್ಡು ಕೊಟ್ಟು ತರಿಸಿಕೊಂಡಿದ್ದು. ಇದರ ಹಿಂದೆ ಒಂದು ದೊಡ್ಡ ಕಥೆ ಇದೆ, ಸ್ವಲ್ಪ ಸಮಾಧಾನದಿಂದ ಓದಿ.

ಚಿನ್ನದ ಗಣಿ, ರೈಲು ಹಳಿ ಅಂತ 19ನೇ ಶತಮಾನದಲ್ಲಿ ಅಮೆರಿಕಕ್ಕೆ ಹೋದ ಚೀನೀಯರಲ್ಲಿ ಬಹುತೇಕರು ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತ್ಯದವರು. ಅವರ ಕಿವಿಗೆ ಹಿತವಾದದ್ದು ಕ್ಯಾಂಟನೀಸ್ ಮತ್ತು ಅದರ ಆಸುಪಾಸಿನ ಮಾತು. 1882ರಲ್ಲಿ ಅಮೆರಿಕ ಚೀನೀ ಕಾರ್ಮಿಕರು ಬರದಂತೆ ಕಾನೂನು ಮಾಡಿತು. ಅದು ರದ್ದಾಗಿದ್ದು 1943ರಲ್ಲಿ. ಅದಕ್ಕೂ ಮುಂಚೆ, 1875ರಲ್ಲೇ ಬಂದ ಇನ್ನೊಂದು ಕಾನೂನು ಚೀನೀ ಹೆಂಗಸರು ಅಲ್ಲಿ ಕಾಲಿಡುವುದನ್ನೇ ಕಷ್ಟ ಮಾಡಿಟ್ಟಿತ್ತು. ಹೀಗಾಗಿ ಚೈನಾಟೌನ್ ಅಂದರೆ ಗಂಡಸರೇ ಜಾಸ್ತಿ ಇರುವ, ಊರಿನ ನೆನಪಿನಲ್ಲೇ ದಿನ ತಳ್ಳುವ ಜಾಗ. ಅವರಿಗೆ ತಮ್ಮ ಮಾತು ಕೇಳುವ ಜಾಗ ಅಂದರೆ ಕ್ಯಾಂಟನೀಸ್ ಸಂಗೀತ ನಾಟಕದ ಥಿಯೇಟರ್. ಮಾತಿನ ಸಿನಿಮಾ ಬಂದ ಮೇಲೆ ಪರದೆ.

ಈ ಜನರ ಟಿಕೆಟ್ ದುಡ್ಡು ಕ್ಯಾಂಟನೀಸ್ ಚಿತ್ರರಂಗಕ್ಕೆ ಬಹಳ ಮುಖ್ಯವಾಗಿತ್ತು. 1933ರಲ್ಲಿ ಗ್ರ್ಯಾಂಡ್‌ವ್ಯೂ ಕಂಪನಿ ಹುಟ್ಟಿದ್ದೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಜೋಸೆಫ್ ಸನ್ ಜ್ಯೂ ಅನ್ನುವವರು ಕಟ್ಟಿದ ಆ ಸಂಸ್ಥೆ ಆಮೇಲೆ ಹಾಂಗ್‌ಕಾಂಗ್‌ಗೆ ಹೋಗಿ ದೊಡ್ಡದಾಯಿತು. ಸಿಂಗಾಪುರ, ಮಲಯ, ಅಮೆರಿಕ ಅಂತ ಕ್ಯಾಂಟನೀಸ್ ಜನ ಇದ್ದಲ್ಲೆಲ್ಲ ಪ್ರಿಂಟ್‌ಗಳು ಹಡಗು ಹತ್ತುತ್ತಿದ್ದವು. ಹೋದ ಪ್ರಿಂಟ್‌ಗಳು ವಾಪಸ್ ಬರಲೇಬೇಕು ಅಂತೇನೂ ಇರಲಿಲ್ಲ. ಹಡಗಿನ ಬಾಡಿಗೆ ಕೊಟ್ಟು ಸವೆದ ರೀಲನ್ನು ಯಾರು ತರಿಸಿಕೊಳ್ಳುತ್ತಾರೆ? ಹಾಗೆ ಅಲ್ಲೇ ಉಳಿದವು. ಆಮೇಲೆ ಯುದ್ಧ ಬಂತು. ಹುಟ್ಟಿದೂರಿನಲ್ಲಿದ್ದದ್ದು ಹೋಯಿತು, ಹೊರಗಿದ್ದದ್ದು ಬದುಕಿತು.

ಊರು ಬಿಟ್ಟು ಹೋದವರು ತಮ್ಮ ಭಾಷೆಯ ಚಿತ್ರಗಳನ್ನು ಊರಿಗಿಂತ ಚೆನ್ನಾಗಿ ಉಳಿಸಿದರು ಅನ್ನುವುದು ನನ್ನನ್ನು ತುಂಬಾ ತಟ್ಟುತ್ತದೆ. ಅವರು ಪರಂಪರೆ ಉಳಿಸುತ್ತೇವೆ ಅಂತ ಹೊರಟವರಲ್ಲ. ವಾರದ ರಜೆಯಲ್ಲಿ ತಮ್ಮ ಮಾತು ಕೇಳಬೇಕು ಅಂತ ಟಿಕೆಟ್ ತೆಗೆದುಕೊಂಡವರು, ಅಷ್ಟೇ.

ಪ್ರಶ್ನೆ: ಉಳಿದ ಸಿನಿಮಾಗಳು ಏನಾದವು? ಯುದ್ಧದಲ್ಲಿ ಸುಟ್ಟುಹೋದವಾ?

ಯುದ್ಧವೂ ಒಂದು ಕಾರಣ. 1941ರ ಡಿಸೆಂಬರ್ 25ಕ್ಕೆ ಹಾಂಗ್‌ಕಾಂಗ್ ಜಪಾನಿಯರ ಕೈಗೆ ಹೋಯಿತು. ಮೂರೂವರೆ ವರ್ಷಕ್ಕಿಂತ ಜಾಸ್ತಿ ಕಾಲ ಅವರದೇ ಆಡಳಿತ. ಅದಕ್ಕೂ ಮುಂಚೆ ಅಲ್ಲಿ ನೂರಾರು ಚಿತ್ರ ತಯಾರಾಗಿದ್ದವು. ಇವತ್ತು ಉಳಿದಿರುವುದು ತೀರಾ ಕಡಿಮೆ.

ಆದರೆ ಎಲ್ಲ ತಪ್ಪನ್ನೂ ಯುದ್ಧದ ಮೇಲೆ ಹಾಕುವ ಹಾಗಿಲ್ಲ. 1950ರ ದಶಕದ ಶುರುವಿನ ತನಕ ಥಿಯೇಟರಿನ ಫಿಲ್ಮ್ ಅಂದರೆ ಹೆಚ್ಚಾಗಿ ನೈಟ್ರೇಟ್ ಅನ್ನುವ, ಬೇಗ ಹೊತ್ತಿಕೊಳ್ಳುವ ವಸ್ತುವಿನದು. ಬೆಂಕಿ ತಗುಲಿದರೆ ತನ್ನೊಳಗಿನ ಆಮ್ಲಜನಕದಿಂದಲೇ ಉರಿಯುತ್ತದೆ, ನೀರಲ್ಲಿ ಮುಳುಗಿಸಿದರೂ ಆರುವುದಿಲ್ಲ. ಬೆಂಕಿಯೇ ಬೀಳದಿದ್ದರೂ ಸೆಕೆ, ತೇವ ಸಾಕು ಅದನ್ನು ಹಾಳುಮಾಡಲು. ಮೊದಲು ಚಿತ್ರ ಮಸುಕಾಗುತ್ತದೆ, ಆಮೇಲೆ ಅಂಟಾಗುತ್ತದೆ, ಸುರುಳಿ ಸುರುಳಿಗೇ ಮೆತ್ತಿಕೊಂಡು ಕೊನೆಗೆ ಕಂದು ಪುಡಿ. ಹಾಂಗ್‌ಕಾಂಗ್‌ನ ಬೇಸಿಗೆ ಹೇಗೆ ಅಂತ ಅಲ್ಲಿ ಹೋದವರಿಗೆ ಗೊತ್ತು, ಗಾಳಿಯಲ್ಲೇ ನೀರು ತೂಗುತ್ತಿರುತ್ತದೆ. ಫಿಲ್ಮಿನ ಪದರದಲ್ಲಿ ಬೆಳ್ಳಿಯೂ ಇರುತ್ತದೆ. ಓಡಿ ಮುಗಿದ ಪ್ರಿಂಟ್‌ಗಳನ್ನು ಆ ಬೆಳ್ಳಿಗಾಗಿ ಕರಗಿಸುವುದು ಎಷ್ಟೋ ದೇಶಗಳಲ್ಲಿ ಮಾಮೂಲಾಗಿತ್ತು. ಅಮೆರಿಕದ್ದೇ ಮೂಕಿ ಚಿತ್ರಗಳಲ್ಲಿ ಸುಮಾರು ಶೇ. 70 ಪೂರ್ತಿ ಕಳೆದುಹೋಗಿವೆ. ಇನ್ನು ಹಾಂಗ್‌ಕಾಂಗ್ ಆರ್ಕೈವ್‌ನ ಕೆಲಸ ಶುರುವಾಗಿದ್ದೇ 1993ರಲ್ಲಿ, ಸಾಯ್ ವಾನ್ ಹೋದಲ್ಲಿ ಅದರ ಸ್ವಂತ ಕಟ್ಟಡ ತೆರೆದಿದ್ದು 2001ರಲ್ಲಿ. ಅಷ್ಟರೊಳಗೆ ಎಷ್ಟು ಡಬ್ಬಿಗಳು ಗುಜರಿಗೆ ಹೋದವೋ.

ಪ್ರಶ್ನೆ: 1930ರ ದಶಕದಲ್ಲಿ ಚೀನಾದಲ್ಲಿ ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ಸಿನಿಮಾ ಅಂದರೆ ನಂಬಲು ಕಷ್ಟ. ಅದು ಸುಮ್ನೆ ಆ ಕಾಲದ ಫ್ಯಾಷನ್ ಆಗಿತ್ತಾ? ನಿಜವಾಗಿ ಹೆಂಗಸರ ಬದುಕಿನಲ್ಲಿ ಏನಾದರೂ ನಡೆಯುತ್ತಿತ್ತಾ?

ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು. ನಡೆಯುತ್ತಿತ್ತು, ಅದೂ ಸಿನಿಮಾಕ್ಕಿಂತ ಎಷ್ಟೋ ಮುಂಚೆಯಿಂದ.

1919ರ ವಿದ್ಯಾರ್ಥಿ ಚಳವಳಿಯ ನಂತರ ಚೀನಾದ ಓದಿದ ಯುವಕ ಯುವತಿಯರಿಗೆ ನಾರ್ವೆಯ ನಾಟಕಕಾರ ಇಬ್ಸೆನ್‌ನ ನಾಟಕದ ನೋರಾ ದೊಡ್ಡ ಆದರ್ಶ. ಗಂಡನ ಮನೆಯ ಬಾಗಿಲು ಎಳೆದುಕೊಂಡು ಹೊರಟುಹೋಗುವ ಹೆಣ್ಣು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ, 1923ರ ಡಿಸೆಂಬರ್‌ನಲ್ಲಿ, ಲೇಖಕ ಲು ಶುನ್ ಬೀಜಿಂಗ್‌ನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಒಂದು ಭಾಷಣ ಮಾಡಿದರು. ಅವರು ಎತ್ತಿದ್ದು ಒಂದೇ ಪ್ರಶ್ನೆ: ನೋರಾ ಮನೆ ಬಿಟ್ಟಳು ಸರಿ, ಆಮೇಲೆ ಏನಾಯಿತು? ಕೈಯಲ್ಲಿ ಕಾಸಿಲ್ಲದಿದ್ದರೆ ಅವಳಿಗೆ ಇರುವುದು ಎರಡೇ ದಾರಿ, ಕೆಟ್ಟುಹೋಗುವುದು ಇಲ್ಲ ವಾಪಸ್ ಬರುವುದು ಅಂತ ಅವರು ನೇರವಾಗಿ ಹೇಳಿದರು. ಕೂತಿದ್ದ ಹುಡುಗಿಯರಿಗೆ ಅದು ಕಹಿ ಮಾತು. ಆದರೆ ಅದಕ್ಕಿಂತ ಕಾಳಜಿಯ ಮಾತು ಆ ಕಾಲದಲ್ಲಿ ಇನ್ಯಾರೂ ಆಡಿರಲಿಕ್ಕಿಲ್ಲ ಅಂತ ನನಗೆ ಅನಿಸುತ್ತದೆ.

ಗ್ವಾಂಗ್‌ಡಾಂಗ್‌ನ ಶುಂಡೆ ಕಡೆಯ ಹೆಂಗಸರಿಗೆ ಈ ಪ್ರಶ್ನೆ ಹೊಸದೇನೂ ಅಲ್ಲ. ಅದು ರೇಷ್ಮೆ ಸೀಮೆ. 19ನೇ ಶತಮಾನದ ಕೊನೆಗೆ ಉಗಿಯಂತ್ರದ ನೂಲು ಬಿಚ್ಚಾಣಿಕೆ ಕಾರ್ಖಾನೆಗಳು ಬಂದವು, ಕೆಲಸಕ್ಕೆ ಹೋದವರು ಹೆಚ್ಚಾಗಿ ಎಳೆ ವಯಸ್ಸಿನ ಹೆಣ್ಣುಮಕ್ಕಳು. ಸ್ವಂತ ಸಂಬಳ ಕೈಗೆ ಬಂದ ಕೂಡಲೇ ಅವರಲ್ಲಿ ಬಹಳ ಜನ ಮದುವೆಯೇ ಬೇಡ ಅಂದುಬಿಟ್ಟರು. ಬರೀ ಬಾಯಿಮಾತಿನಲ್ಲಿ ಅಲ್ಲ. ಮದುವೆಯ ದಿನ ಹುಡುಗಿಯ ಜಡೆ ಬಿಚ್ಚಿ ತುರುಬು ಕಟ್ಟುವುದು ಅಲ್ಲಿನ ಪದ್ಧತಿ. ಇವರು ವರನಿಲ್ಲದೆ, ಗೆಳತಿಯರ ಎದುರು ಶಪಥ ಮಾಡಿ ತಮ್ಮ ತುರುಬನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು. ಅಲ್ಲಿಗೆ ಊರವರ ಲೆಕ್ಕದಲ್ಲಿ ಅವರು ದೊಡ್ಡವರು, ಮದುವೆ ಮಾತು ಎತ್ತುವ ಹಾಗಿಲ್ಲ. ದುಡ್ಡು ಕೂಡಿಸಿ ಮನೆ ಮಾಡಿಕೊಂಡು ಒಟ್ಟಿಗೆ ಇದ್ದರು. ವಯಸ್ಸಾದಾಗ ಒಬ್ಬರಿಗೊಬ್ಬರು ಆಸರೆ.

ಇದನ್ನು ಚಂದದ ಕಥೆ ಮಾಡಿಬಿಡುವುದು ಸುಲಭ, ಆದರೆ ಅದು ಅವರಿಗೆ ಮಾಡುವ ಅನ್ಯಾಯ. ಹಬೆಯಲ್ಲಿ, ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು ದುಡಿದ ಸಂಬಳದ ದೊಡ್ಡ ಪಾಲು ತವರಿನವರಿಗೇ ಹೋಗುತ್ತಿತ್ತು. ಮದುವೆಯಾಗಿಯೂ ಗಂಡನ ಮನೆಗೆ ಹೋಗಲು ಒಲ್ಲೆ ಅಂದ ಕೆಲವರು, ತನ್ನ ಬದಲಿಗೆ ಇನ್ನೊಬ್ಬಳನ್ನು ತಂದುಕೊಳ್ಳಿ ಅಂತ ಆ ಮನೆಗೆ ಹಣ ಕಟ್ಟಿದ್ದೂ ಉಂಟು. ಆ ಇನ್ನೊಬ್ಬಳು ಯಾವುದೋ ಬಡವರ ಮನೆಯ ಹುಡುಗಿ. ಒಬ್ಬಳು ಬಿಡಿಸಿಕೊಂಡ ಹಗ್ಗ ಇನ್ನೊಬ್ಬಳ ಕತ್ತಿಗೆ ಬಿತ್ತು. 1930ರ ದಶಕದಲ್ಲಿ ಜಗತ್ತಿನ ಆರ್ಥಿಕ ಕುಸಿತಕ್ಕೆ ರೇಷ್ಮೆ ಬೆಲೆ ಬಿದ್ದು ಕಾರ್ಖಾನೆಗಳು ಮುಚ್ಚಿದಾಗ ಇವರೇ ಹಾಂಗ್‌ಕಾಂಗ್, ಸಿಂಗಾಪುರಗಳಿಗೆ ಮನೆಗೆಲಸಕ್ಕೆ ಹೋದರು. ಬಿಳಿ ರವಿಕೆ, ಕಪ್ಪು ಪೈಜಾಮ, ಬೆನ್ನ ಮೇಲೆ ಉದ್ದ ಜಡೆ ಅಥವಾ ತುರುಬು. ಸಿಂಗಾಪುರದಲ್ಲಿ ದುಡಿದವರು ಕಳಿಸಿದ ಹಣದಲ್ಲಿ 1950ರ ಸುಮಾರಿಗೆ ಶುಂಡೆಯಲ್ಲಿ ಮುಪ್ಪಿನ ಕಾಲಕ್ಕೆ ಅಂತ ಕಟ್ಟಿಸಿಕೊಂಡ ಮನೆ ಈಗಲೂ ಇದೆ, ಮ್ಯೂಸಿಯಂ ಆಗಿದೆ.

1937ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹೆಣ್ಣಿನ ಸ್ವಾವಲಂಬನೆಯ ಸಿನಿಮಾ ತೆಗೆಯುವಾಗ ಅದರ ಸುತ್ತ ಇದ್ದದ್ದು ಇಂಥ ಹೆಂಗಸರು. ಅದೇ ಬೀದಿಗಳಲ್ಲಿ ತರಕಾರಿ ಬುಟ್ಟಿ ಹಿಡಿದು ಓಡಾಡುತ್ತಿದ್ದರು.

ಕಾನೂನಿನ ಮಾತೂ ಹೇಳಬೇಕು. ಚೀನಾ ಗಣರಾಜ್ಯದ ಹೊಸ ಸಿವಿಲ್ ಕೋಡ್‌ನ ಕುಟುಂಬ ಭಾಗ 1931ರಲ್ಲಿ ಜಾರಿಗೆ ಬಂತು. ಮದುವೆಗೆ ಹುಡುಗ ಹುಡುಗಿಯ ಸ್ವಂತ ಒಪ್ಪಿಗೆ ಬೇಕು, ಆಸ್ತಿಯಲ್ಲಿ ಮಗಳಿಗೂ ಪಾಲು ಅಂತ ಅದರಲ್ಲಿತ್ತು. ಕಾಗದದ ಮೇಲೆ ಇದ್ದದ್ದು ಹಳ್ಳಿಗೆ ಇಳಿಯಲಿಲ್ಲ, ಅದು ಬೇರೆ ಮಾತು. ಆದರೆ ಬ್ರಿಟಿಷರ ಕೈಯಲ್ಲಿದ್ದ ಹಾಂಗ್‌ಕಾಂಗ್‌ನಲ್ಲಿ ಕಾಗದದ ಮೇಲೂ ಇರಲಿಲ್ಲ! ಅಲ್ಲಿ ಚೀನೀಯರ ಕೌಟುಂಬಿಕ ವಿಷಯಕ್ಕೆ ಚಿಂಗ್ ರಾಜವಂಶದ ಕಾಲದ ಪದ್ಧತಿಯನ್ನೇ ನಡೆಸಿಕೊಂಡು ಬಂದರು. ಗಂಡಸು ಉಪಪತ್ನಿಯರನ್ನು ಇಟ್ಟುಕೊಳ್ಳುವುದು ಅಲ್ಲಿ 1971ರ ಅಕ್ಟೋಬರ್ ತನಕ ಕಾನೂನುಬದ್ಧ. ಹಾಂಗ್‌ಕಾಂಗ್‌ನದೇ ಭಾಗವಾದ ನ್ಯೂ ಟೆರಿಟರೀಸ್ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಭೂಮಿಯ ಹಕ್ಕು ಸಿಕ್ಕಿದ್ದು 1994ರಲ್ಲಿ. ಆ ಸಿನಿಮಾ ಬಂದು 57 ವರ್ಷ ಆದ ಮೇಲೆ. ಈಗ ಹೇಳಿ, ಫ್ಯಾಷನ್ ಅನ್ನಲು ಆಗುತ್ತಾ?

ಪ್ರಶ್ನೆ: ಹೆಣ್ಣಿನ ಬಗ್ಗೆ ಗಂಡಸರು ಮಾಡಿದ ಸಿನಿಮಾ ಸರಿ. ಹೆಂಗಸರೇ ನಿರ್ದೇಶನ ಮಾಡಿದ್ದು ಇಲ್ಲವಾ?

ಇದೆ. ಎಸ್ತರ್ ಎಂಗ್ ಅವರ ಹೆಸರು ನೆನಪಿಟ್ಟುಕೊಳ್ಳಿ. 1914ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವರು. ಹುಡುಗಿಯಾಗಿದ್ದಾಗ ಚೈನಾಟೌನ್‌ನ ಮ್ಯಾಂಡರಿನ್ ಥಿಯೇಟರ್‌ನಲ್ಲಿ ಟಿಕೆಟ್ ಕೌಂಟರಿನ ಕೆಲಸ ಮಾಡಿದವರು. ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಿಗೆ ಹಾಲಿವುಡ್‌ನಲ್ಲಿ ಸ್ಟುಡಿಯೋ ಬಾಡಿಗೆಗೆ ಹಿಡಿದು ಒಂದು ಕ್ಯಾಂಟನೀಸ್ ಮಾತಿನ ಚಿತ್ರ ತೆಗೆಸಿದರು. ಆ ಹೊತ್ತಿಗೆ ಹಾಲಿವುಡ್‌ನ ದೊಡ್ಡ ಸ್ಟುಡಿಯೋಗಳಲ್ಲಿ ನಿರ್ದೇಶಕಿ ಅಂತ ಇದ್ದದ್ದು ಡೊರೊತಿ ಆರ್ಜ್ನರ್ ಒಬ್ಬರೇ. ಆ ಚಿತ್ರ ಹಿಡಿದುಕೊಂಡು ಎಸ್ತರ್ ಹಾಂಗ್‌ಕಾಂಗ್‌ಗೆ ಹೋದರು, ಅಲ್ಲೇ ಉಳಿದು ನಿರ್ದೇಶನಕ್ಕಿಳಿದರು. 1937ರಲ್ಲಿ ಮಾಡಿದ ಚಿತ್ರದ ನಾಯಕಿ ಯುದ್ಧವಿಮಾನ ಹಾರಿಸುವವಳು. 1939ರಲ್ಲಿ ಮಾಡಿದ ಇನ್ನೊಂದರಲ್ಲಿ 36 ಪಾತ್ರಗಳು, ಅಷ್ಟೂ ಹೆಂಗಸರೇ, ಒಬ್ಬೊಬ್ಬರದೂ ಒಂದೊಂದು ಕಸುಬು. ಎರಡೂ ಇವತ್ತು ಇಲ್ಲ. ಆ ಎರಡನೆಯದು ಯಾವತ್ತಾದರೂ ಎಲ್ಲಾದರೂ ಒಂದು ಡಬ್ಬಿಯಲ್ಲಿ ಸಿಗಲಿ ಅಂತ ನಾನು ನಿಜವಾಗಿ ಹಾರೈಸುತ್ತೇನೆ.

ಕೂದಲು ಕತ್ತರಿಸಿಕೊಂಡು, ಗಂಡಸರ ಸೂಟ್ ತೊಟ್ಟು ಓಡಾಡುತ್ತಿದ್ದರು, ಸಂಗಾತಿಗಳೂ ಹೆಂಗಸರೇ. ಅದನ್ನು ಮುಚ್ಚಿಡಲೂ ಇಲ್ಲ. ನಾಟಕ ಸಿನಿಮಾ ಬಳಗದವರು ಅವರನ್ನು ಪ್ರೀತಿಯಿಂದ ಅಣ್ಣ ಅಂತಲೇ ಕರೆಯುತ್ತಿದ್ದರು. 1941ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೆಗೆದ ‘ಗೋಲ್ಡನ್ ಗೇಟ್ ಗರ್ಲ್’ ಉಳಿದಿದೆ. ಅದರಲ್ಲಿ ಬರುವ ಹಸುಗೂಸು ಬ್ರೂಸ್ ಲೀ! ಅಪ್ಪ ನಾಟಕದ ಕಲಾವಿದರಾಗಿ ಅಲ್ಲಿಗೆ ಬಂದಿದ್ದಾಗ ಹುಟ್ಟಿದ ಮಗು, ಸಿನಿಮಾದಲ್ಲಿ ಹೆಣ್ಣುಮಗುವಿನ ಪಾತ್ರ. ಬಹಳ ಜನ ಆ ಚಿತ್ರವನ್ನು ಬ್ರೂಸ್ ಲೀ ಹೆಸರಿನಲ್ಲೇ ನೆನೆಯುತ್ತಾರೆ, ಅದು ನನಗೆ ಬೇಜಾರು. ಆಮೇಲೆ ಎಸ್ತರ್ ನ್ಯೂಯಾರ್ಕ್‌ಗೆ ಹೋಗಿ ಹೋಟೆಲ್ ನಡೆಸಿದರು, ಊರಿಗೆ ಮರಳಲಾಗದ ನಾಟಕ ಕಲಾವಿದರಿಗೆ ಕೆಲಸ ಕೊಟ್ಟರು, 1970ರಲ್ಲಿ ತೀರಿಕೊಂಡರು. ಲು ಶುನ್ ಕೇಳಿದ್ದರಲ್ಲ, ಕೈಯಲ್ಲಿ ಕಾಸೆಲ್ಲಿದೆ ಅಂತ, ಅದಕ್ಕೆ ಬದುಕಿನಲ್ಲೇ ಉತ್ತರ ಕೊಟ್ಟ ಹೆಣ್ಣು ಇವರು.

ಅವರ ಫೋಟೋ ಆಲ್ಬಮ್‌ಗಳು ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಹತ್ತಿರ ಕಸದ ತೊಟ್ಟಿಯಲ್ಲಿ ಸಿಕ್ಕವು. ಅವುಗಳ ಬೆನ್ನು ಹತ್ತಿ ಎಸ್. ಲೂಯಿಸಾ ವೇ ಅನ್ನುವ ನಿರ್ದೇಶಕಿ 2013ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು.

ಎಸ್ತರ್‌ಗಿಂತಲೂ ಮುಂಚೆ ಮೇರಿಯನ್ ವಾಂಗ್ ಇದ್ದರು. 1916ರ ಹೊತ್ತಿಗೆ ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ ಸ್ವಂತ ಕಂಪನಿ ಕಟ್ಟಿ, ಮನೆಮಂದಿಯನ್ನೆಲ್ಲ ಸೇರಿಸಿಕೊಂಡು ಮೂಕಿ ಚಿತ್ರ ಮಾಡಿದರು. ಕೊಳ್ಳುವವರು ಸಿಗಲಿಲ್ಲ. ರೀಲುಗಳು ಮನೆಯವರ ಹತ್ತಿರವೇ ಉಳಿದವು. ಇದ್ದಷ್ಟು ಭಾಗ 2006ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು.

ಪ್ರಶ್ನೆ: ಆಗಿನ ಚೀನಾ ಸರ್ಕಾರ ಕ್ಯಾಂಟನೀಸ್ ಸಿನಿಮಾಗಳನ್ನು ನಿಷೇಧಿಸಿತ್ತು ಅಂತ ಎಲ್ಲೋ ಓದಿದ್ದೆ. ನಿಜವಾ?

ನಿಷೇಧಿಸಲು ಹೊರಟಿತ್ತು. ದೇಶಕ್ಕೆಲ್ಲ ಒಂದೇ ಭಾಷೆ ಬೇಕು ಅಂತ 1936ರಲ್ಲಿ ನಾನ್‌ಜಿಂಗ್‌ನಲ್ಲಿದ್ದ ಚೀನಾ ಸರ್ಕಾರ ಈ ಮಾತು ಎತ್ತಿತು. ಚಿತ್ರರಂಗದವರು ಓಡಾಡಿ ಮುಂದೂಡಿಸಿದರು. 1937ರ ಜುಲೈನಲ್ಲಿ ಜಪಾನ್ ಜೊತೆ ಯುದ್ಧ ಶುರುವಾದ ಮೇಲೆ ಅದು ಅಲ್ಲಿಗೇ ನಿಂತಿತು. ನಾವು ಮಾತಾಡುತ್ತಿರುವ ಚಿತ್ರ ಬಂದಿದ್ದು ಇದೇ ವರ್ಷ.

ಪ್ರಶ್ನೆ: ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಹಳೇ ಚಿತ್ರಗಳಲ್ಲಿ ಉಪದೇಶ ಜಾಸ್ತಿ, ಓಟ ಕಡಿಮೆ. ಹಳೆಯದು ಅನ್ನುವ ಒಂದೇ ಕಾರಣಕ್ಕೆ ತಲೆ ಮೇಲೆ ಹೊರಬೇಕಾ?

ಬೇಜಾರೇನಿಲ್ಲ. ಹಳೆಯದು ಅನ್ನುವ ಕಾರಣಕ್ಕೆ ಹೊರಬೇಡಿ. ಉಪದೇಶ ಜಾಸ್ತಿ ಅನ್ನುವುದೂ ನಿಜ. ಕ್ಯಾಮೆರಾ ಒಂದೇ ಕಡೆ ನಿಂತಿರುತ್ತದೆ, ಪಾತ್ರಗಳು ನಾಟಕದ ವೇದಿಕೆ ಮೇಲೆ ಇದ್ದ ಹಾಗೆ ಮಾತಾಡುತ್ತವೆ.

ಆದರೆ ಆ ಉಪದೇಶ ಯಾರ ಕಿವಿಗೆ ಬೀಳುತ್ತಿತ್ತು ಅಂತ ಒಮ್ಮೆ ಯೋಚಿಸಿ. ಪತ್ರಿಕೆಯಲ್ಲಿ ಬಂದ ಲೇಖನ ಓದಲು ಬಾರದ, ಕಾಲೇಜಿನ ಭಾಷಣಕ್ಕೆ ಯಾರೂ ಕರೆಯದ ಹೆಂಗಸು, ತನ್ನದೇ ಮಾತಿನಲ್ಲಿ, ತನ್ನಂಥವಳ ಬಾಯಿಂದ, ದುಡಿದು ಬದುಕುತ್ತೇನೆ ಅನ್ನುವುದನ್ನು ಕೇಳಲು ಸಾಧ್ಯವಾಗಿದ್ದು ಅಲ್ಲಿ ಮಾತ್ರ. ನಮಗೆ ಭಾಷಣ ಅನಿಸುವುದು ಅವಳಿಗೆ ಮೊದಲ ಸಲ ಕೇಳಿದ ಸುದ್ದಿ ಆಗಿರಬಹುದು. ಇನ್ನೊಂದು ಮಾತು. ಆ ಕಾಲದ ಬಹಳಷ್ಟು ಚಿತ್ರಗಳಲ್ಲಿ ದಿಟ್ಟ ಹೆಣ್ಣಿಗೆ ಕೊನೆಗೆ ಸಾವೇ ಗತಿ. ಶಾಂಘೈನ ದೊಡ್ಡ ನಟಿ ರುವಾನ್ ಲಿಂಗ್ಯು, ಮೂಲತಃ ಕ್ಯಾಂಟನೀಸ್ ಮನೆತನದವರೇ, 1935ರಲ್ಲಿ ‘ನ್ಯೂ ವುಮೆನ್’ ಅನ್ನುವ ಚಿತ್ರದಲ್ಲಿ ಅಂಥ ಪಾತ್ರ ಮಾಡಿದರು. ಚಿತ್ರ ಬಂದ ಸ್ವಲ್ಪ ದಿನಕ್ಕೇ, ಮಾರ್ಚ್ 8ರ ಮಹಿಳಾ ದಿನದಂದು, 24ನೇ ವಯಸ್ಸಿಗೆ ಸ್ವತಃ ಪ್ರಾಣ ಕಳೆದುಕೊಂಡರು. ಅವರ ಖಾಸಗಿ ಬದುಕನ್ನು ಪತ್ರಿಕೆಗಳು ಹರಾಜಿಗಿಟ್ಟಿದ್ದವು. ಇಂಥ ಹೊತ್ತಿನಲ್ಲಿ ಹೆಣ್ಣು ಬದುಕಿ ತೋರಿಸಬೇಕು ಅನ್ನುವ ಚಿತ್ರ ಸ್ವಲ್ಪ ಜೋರಾಗಿ ಮಾತಾಡಿದರೆ ನನಗಂತೂ ಅದರ ಮೇಲೆ ಸಿಟ್ಟು ಬರುವುದಿಲ್ಲ.

ಪ್ರಶ್ನೆ: ಮೊದಲು ಯಾವುದನ್ನು ನೋಡಲಿ?

‘ನ್ಯೂ ವುಮೆನ್’ ನೋಡಿ, ಹುಡುಕಿದರೆ ಸುಲಭವಾಗಿ ಸಿಗುತ್ತದೆ. ಆಮೇಲೆ ಎಸ್ತರ್ ಎಂಗ್ ಬಗೆಗಿನ ಸಾಕ್ಷ್ಯಚಿತ್ರ. ‘ದಿ ಲೈಟ್ ಆಫ್ ವುಮೆನ್’ ನೋಡಬೇಕೆಂದರೆ ಹಾಂಗ್‌ಕಾಂಗ್ ಆರ್ಕೈವ್‌ನ ಪ್ರದರ್ಶನಗಳ ಪಟ್ಟಿಯ ಮೇಲೆ ಕಣ್ಣಿಡಿ.

ಪ್ರಶ್ನೆ: ತಾತನ ಪೆಟ್ಟಿಗೆಯಲ್ಲಿ ಹಳೆಯ ರೀಲುಗಳಿವೆ. ನಿಮ್ಮ ಲೇಖನ ಓದಿದ ಮೇಲೆ ಎಸೆಯಲು ಮನಸ್ಸಾಗುತ್ತಿಲ್ಲ. ಏನು ಮಾಡಲಿ?

ದಯವಿಟ್ಟು ಎಸೆಯಬೇಡಿ. ಪ್ರೊಜೆಕ್ಟರ್‌ಗೆ ಹಾಕಿ ನೋಡುವ ಆಸೆಯನ್ನೂ ಸದ್ಯಕ್ಕೆ ಬಿಡಿ, ಕುಗ್ಗಿದ ಫಿಲ್ಮ್ ಒಂದೇ ಓಟಕ್ಕೆ ಹರಿದುಹೋಗುತ್ತದೆ. ಡಬ್ಬಿ ತೆಗೆದಾಗ ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ ಅನ್ನುವ ಇನ್ನೊಂದು ಬಗೆಯ ಫಿಲ್ಮ್, ಕೆಡಲು ಶುರುವಾಗಿದೆ ಅಂತ ಅರ್ಥ. ಅದನ್ನು ಬೇರೆ ರೀಲುಗಳಿಂದ ದೂರ ಇಡಿ. 35 ಎಂಎಂ ಅಗಲದ್ದು, 1950ರ ದಶಕಕ್ಕಿಂತ ಹಳೆಯದು ಅನಿಸಿದರೆ ನೈಟ್ರೇಟ್ ಆಗಿರಬಹುದು. ಆಗ ಬಿಸಿಲು, ಒಲೆ, ಬಿಸಿಯಾಗುವ ಅಟ್ಟ ಯಾವುದರ ಹತ್ತಿರವೂ ಬೇಡ, ನೀವೇ ಸಾಗಿಸಲೂ ಹೋಗಬೇಡಿ, ಫಿಲ್ಮ್ ಆರ್ಕೈವ್‌ನವರಿಗೆ ಮೊದಲು ತಿಳಿಸಿ. ಅವರು ಬರುವ ತನಕ ತಂಪಾದ, ಒಣಗಿದ, ಗಾಳಿಯಾಡುವ ಜಾಗದಲ್ಲಿರಲಿ. ಡಬ್ಬಿಯ ಮೇಲೆ ಅಂಟಿಸಿರುವ ಚೀಟಿ ಎಷ್ಟೇ ಹರಿದಿರಲಿ, ಕೀಳಬೇಡಿ. ಅದರಲ್ಲಿರುವ ಹೆಸರು, ಇಸವಿ, ಥಿಯೇಟರ್ ಸೀಲ್ ನೋಡಿಯೇ ಅವರು ಮುಂದಿನ ಕೆಲಸ ಶುರು ಮಾಡುವುದು.